ಮಾನ್‌ಸ್ಟರ್ ಎಷ್ಟು ಬಲವಾಗಿರಬೇಕು? ನಿಮ್ಮ ಗುಂಪಿಗೆ ತಕ್ಕ ಕಾಳಗ ಕಟ್ಟುವ ಸಮಗ್ರ ಮಾರ್ಗದರ್ಶಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ನಡೆಸುವ ಆಟ. ಅದಕ್ಕೆ ಹಾಸನದಲ್ಲಿ ನಾಲ್ಕು ಜನರನ್ನು ಒಂದೇ ಭಾನುವಾರ ಒಂದು ಮೇಜಿನ ಸುತ್ತ ಕೂರಿಸುವುದು ಸುಲಭ ಅಲ್ಲ. ಒಬ್ಬರು ಸಕಲೇಶಪುರದಿಂದ ಬಸ್ ಹಿಡಿದು ಬರಬೇಕು. ಇನ್ನೊಬ್ಬರ ಮನೆಯಲ್ಲಿ ಕಾಫಿ ಕೊಯ್ಲು ಶುರುವಾದರೆ ಎರಡು ತಿಂಗಳು ಅವರ ಸುಳಿವೇ ಇರುವುದಿಲ್ಲ. ಇಷ್ಟು ಕಷ್ಟಪಟ್ಟು ಸೇರಿದ ಮೇಲೆ ಮೊದಲ ಕಾಳಗದಲ್ಲೇ ಎಲ್ಲರೂ ಸತ್ತು ಹೋದರೆ ಬೇಜಾರಾಗುತ್ತದೆ. ಎರಡೇ ನಿಮಿಷದಲ್ಲಿ ರಾಕ್ಷಸ ನೆಲಕ್ಕೆ ಬಿದ್ದರೂ ಅಷ್ಟೇ ಬೇಜಾರು. ಡಂಜನ್ ಮಾಸ್ಟರ್ (ಡಿಎಂ), ಅಂದರೆ ಕಥೆ ಹೇಳಿ ಮಾನ್‌ಸ್ಟರ್‌ಗಳನ್ನು ಆಡಿಸುವವರು, ಕಲಿಯಬೇಕಾದ ದೊಡ್ಡ ಕೆಲಸ ಇದೇ: ಭಯ ಹುಟ್ಟಿಸುವ, ಆದರೆ ಗೆಲ್ಲಲು ದಾರಿ ಇರುವ ಕಾಳಗ ಕಟ್ಟುವುದು.

ಪುಸ್ತಕದಲ್ಲಿ ಪ್ರತಿ ಮಾನ್‌ಸ್ಟರ್‌ಗೂ ಚಾಲೆಂಜ್ ರೇಟಿಂಗ್ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಚುಟುಕಾಗಿ ಸಿಆರ್. ಆ ಅಂಕಿ ಮಾನ್‌ಸ್ಟರ್ ಬಗ್ಗೆ ಹೇಳುತ್ತದೆ. ನಿಮ್ಮ ಗುಂಪಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅದಕ್ಕೇ ನಾನು ಪ್ರತಿ ಕಾಳಗಕ್ಕೂ ಎರಡು ಅಂಕಿ ಲೆಕ್ಕ ಹಾಕುತ್ತೇನೆ. ನಮ್ಮವರು ಎದುರಾಳಿಯನ್ನು ಮುಗಿಸಲು ಎಷ್ಟು ರೌಂಡ್ (ಎಲ್ಲರಿಗೂ ಒಂದೊಂದು ಸರದಿ ಬಂದರೆ ಒಂದು ರೌಂಡ್) ಬೇಕು? ಎದುರಾಳಿ ನಮ್ಮವರನ್ನು ಮುಗಿಸಲು ಎಷ್ಟು ರೌಂಡ್ ಬೇಕು? ಈ ಲೇಖನದ ಜೀವಾಳ ಅದೇ. ಉಳಿದದ್ದೆಲ್ಲ ಆ ಎರಡು ಅಂಕಿಗಳನ್ನು ಹುಡುಕುವ, ತಿದ್ದುವ ಕೆಲಸ.

ಉದಾಹರಣೆಗಳಿಗೆ 2014ರ ಐದನೇ ಆವೃತ್ತಿಯ ನಿಯಮ ಹಿಡಿದಿದ್ದೇನೆ. ಅದರ ಮೂಲ ನಿಯಮಗಳು, ನೂರಾರು ಮಾನ್‌ಸ್ಟರ್‌ಗಳ ವಿವರ ಎಲ್ಲ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತವೆ. ದುಬಾರಿ ಪುಸ್ತಕ ತರಿಸದೆಯೂ ಆಟ ಶುರು ಮಾಡಬಹುದು.

1. ಮೊದಲು ನಿಮ್ಮವರನ್ನು ಅಳೆಯಿರಿ

ಮಾನ್‌ಸ್ಟರ್ ಪುಸ್ತಕ ಪಕ್ಕಕ್ಕಿಡಿ. ಆಟಗಾರರ ಕ್ಯಾರೆಕ್ಟರ್ ಶೀಟ್‌ಗಳ ಫೋಟೋ ತರಿಸಿಕೊಳ್ಳಿ. ಒಂದು ಹಾಳೆಯಲ್ಲಿ ಒಬ್ಬೊಬ್ಬರಿಗೂ ನಾಲ್ಕು ವಿಷಯ ಬರೆಯಿರಿ: ಆರ್ಮರ್ ಕ್ಲಾಸ್ (ಎಸಿ, ಏಟು ತಗಲಲು ಎದುರಾಳಿಯ ದಾಳ ಮುಟ್ಟಬೇಕಾದ ಅಂಕಿ), ಹಿಟ್ ಪಾಯಿಂಟ್ (ಎಚ್‌ಪಿ, ಸೊನ್ನೆ ಆದರೆ ಪಾತ್ರ ಬೀಳುತ್ತದೆ), ಹೊಡೆಯುವಾಗ ದಾಳಕ್ಕೆ ಸೇರುವ ಅಂಕಿ, ಒಂದು ಏಟಿನ ಸರಾಸರಿ, ಅಂದರೆ ಅದು ಕಳೆಯುವ ಎಚ್‌ಪಿ.

ಮೂರನೇ ಲೆವೆಲ್‌ನ ಒಂದು ಸಾಮಾನ್ಯ ಗುಂಪು ನೋಡೋಣ. ಫೈಟರ್‌ಗೆ (ಕತ್ತಿ ಹಿಡಿದ ಯೋಧ) ಎಸಿ 18, ಎಚ್‌ಪಿ 28. ಕ್ಲೆರಿಕ್‌ಗೆ (ದೇವರ ಶಕ್ತಿ ಬಳಸುವವರು) 18 ಮತ್ತು 24. ರೋಗ್‌ಗೆ (ಅಡಗಿ ಹೊಡೆಯುವ ಚಾಲಾಕಿ) 15 ಮತ್ತು 21. ವಿಝರ್ಡ್‌ಗೆ (ಮಂತ್ರವಾದಿ) 12 ಮತ್ತು 20. ಒಟ್ಟು ಎಚ್‌ಪಿ 93.

ಈಗ ಇವರ ಏಟು. ಫೈಟರ್ ಕತ್ತಿ ಬೀಸಿದರೆ ಸರಾಸರಿ 9.5. ರೋಗ್‌ನ ಸ್ನೀಕ್ ಅಟ್ಯಾಕ್ (ಹೊಂಚು ಹಾಕಿ ಕೊಡುವ ಹೆಚ್ಚಿನ ಏಟು) ಸೇರಿದರೆ 14.5. ವಿಝರ್ಡ್‌ನ ಫೈರ್ ಬೋಲ್ಟ್ ಸ್ಪೆಲ್ (ಮಂತ್ರ) 5.5. ಕ್ಲೆರಿಕ್‌ನ ಸೇಕ್ರೆಡ್ ಫ್ಲೇಮ್ 4.5. ಎಲ್ಲ ಏಟೂ ತಗಲುವುದಿಲ್ಲ ಅಲ್ವಾ? ದಾಳಕ್ಕೆ 5 ಸೇರುವವನು ಎಸಿ 13 ಇರುವ ಎದುರಾಳಿಗೆ ಹೊಡೆಯಲು ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು. ಅಂದರೆ 100ಕ್ಕೆ 65 ಸಲ. ಹಾಗೆ ಗುಣಿಸಿ ಕೂಡಿದರೆ ಈ ಗುಂಪು ಒಂದು ರೌಂಡ್‌ಗೆ ಸುಮಾರು 22 ಏಟು ಕೊಡುತ್ತದೆ. ದೊಡ್ಡ ಸ್ಪೆಲ್ ಬಳಸಿದ ರೌಂಡ್‌ನಲ್ಲಿ ಇನ್ನೊಂದು 10 ಸೇರಿಸಿಕೊಳ್ಳಿ.

93 ಮತ್ತು 22. ಈ ಎರಡನ್ನು ನಿಮ್ಮ ಡಿಎಂ ಪರದೆಯ ಒಳಬದಿಗೆ ಅಂಟಿಸಿಕೊಳ್ಳಿ. ಲೆವೆಲ್ ಏರಿದಾಗ, ಯಾರಿಗಾದರೂ ಮಾಯದ ಕತ್ತಿ ಸಿಕ್ಕಾಗ ಹೊಸದಾಗಿ ಲೆಕ್ಕ ಹಾಕಿ.

2. ಪುಸ್ತಕದ ಬಜೆಟ್ ನೋಡಿ

ಪುಸ್ತಕದ ಲೆಕ್ಕವನ್ನು ಬಿಸಾಡಬೇಡಿ. ಶುರು ಮಾಡಲು ಅದು ಒಳ್ಳೆಯ ಜಾಗ. ಪ್ರತಿ ಆಟಗಾರನಿಗೂ ಒಂದು ಎಕ್ಸ್‌ಪಿ (ಮಾನ್‌ಸ್ಟರ್ ಸೋಲಿಸಿದ್ದಕ್ಕೆ ಸಿಗುವ ಅನುಭವದ ಅಂಕ) ಮಿತಿ ಇರುತ್ತದೆ. ಮೊದಲ ಐದು ಲೆವೆಲ್‌ಗೆ ಹೀಗಿದೆ:

ಲೆವೆಲ್ 1: ಸುಲಭ 25, ಸಾಧಾರಣ 50, ಕಠಿಣ 75, ಮಾರಕ 100
ಲೆವೆಲ್ 2: ಸುಲಭ 50, ಸಾಧಾರಣ 100, ಕಠಿಣ 150, ಮಾರಕ 200
ಲೆವೆಲ್ 3: ಸುಲಭ 75, ಸಾಧಾರಣ 150, ಕಠಿಣ 225, ಮಾರಕ 400
ಲೆವೆಲ್ 4: ಸುಲಭ 125, ಸಾಧಾರಣ 250, ಕಠಿಣ 375, ಮಾರಕ 500
ಲೆವೆಲ್ 5: ಸುಲಭ 250, ಸಾಧಾರಣ 500, ಕಠಿಣ 750, ಮಾರಕ 1,100

ಆಟಗಾರರ ಸಂಖ್ಯೆಯಿಂದ ಗುಣಿಸಿ. ನಮ್ಮ ನಾಲ್ವರಿಗೆ ಸಾಧಾರಣ 600, ಕಠಿಣ 900, ಮಾರಕ 1,600 ಆಯಿತು. ಈಗ ಎದುರಾಳಿಗಳ ಎಕ್ಸ್‌ಪಿ ಕೂಡಿ. ಸಿಆರ್ ಕಾಲು ಅಂದರೆ 50, ಅರ್ಧ ಅಂದರೆ 100, ಒಂದಕ್ಕೆ 200, ಎರಡಕ್ಕೆ 450, ಮೂರಕ್ಕೆ 700. ಕೂಡಿದ ಮೇಲೆ ಎದುರಾಳಿಗಳ ಸಂಖ್ಯೆ ನೋಡಿ ಗುಣಿಸಬೇಕು. ಇಬ್ಬರಿದ್ದರೆ ಒಂದೂವರೆ ಪಟ್ಟು, 3ರಿಂದ 6 ಇದ್ದರೆ ಎರಡು ಪಟ್ಟು, 7ರಿಂದ 10 ಇದ್ದರೆ ಎರಡೂವರೆ ಪಟ್ಟು.

ಆಟಕ್ಕೆ ಹೊಸಬರಾದ ನಾಲ್ವರು, ಎಲ್ಲರೂ ಒಂದನೇ ಲೆವೆಲ್. ನಾಲ್ಕು ಗಾಬ್ಲಿನ್ (ಕುಳ್ಳ ರಾಕ್ಷಸ, ಸಿಆರ್ ಕಾಲು) ಎದುರಾದರೆ 200 ಎಕ್ಸ್‌ಪಿ, ಎರಡು ಪಟ್ಟು ಮಾಡಿದರೆ 400. ಅದು ಸರಿಯಾಗಿ ಮಾರಕದ ಗೆರೆ. "ಬರೀ ನಾಲ್ಕು ಗಾಬ್ಲಿನ್ ತಾನೆ" ಅನ್ನುವವರು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಮೊದಲ ಲೆವೆಲ್‌ನಲ್ಲಿ ಎರಡು ಗಾಬ್ಲಿನ್ ಸಾಕು.

2024ರ ಹೊಸ ಪುಸ್ತಕದಲ್ಲಿ ಈ ಪಟ್ಟು ಲೆಕ್ಕವನ್ನೇ ತೆಗೆದಿದ್ದಾರೆ. ಮೂರೇ ಮೆಟ್ಟಿಲು ಇವೆ: ಕಡಿಮೆ, ಮಧ್ಯಮ, ಜಾಸ್ತಿ. ಒಂದನೇ ಲೆವೆಲ್‌ಗೆ 50, 75, 100. ಅಲ್ಲಿ ಇದೇ 200 ಎಕ್ಸ್‌ಪಿ "ಕಡಿಮೆ" ಎಂಬ ಮೆಟ್ಟಿಲಿಗೆ ಬರುತ್ತದೆ. ಒಂದು ಪುಸ್ತಕ ಮಾರಕ ಅನ್ನುತ್ತದೆ, ಇನ್ನೊಂದು ಹಗುರ ಅನ್ನುತ್ತದೆ. ಅಂಕಿ ಓದಿ ಸುಮ್ನೆ ನಂಬಿಬಿಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಕಡಿಮೆ ಲೆವೆಲ್‌ನವರ ಎದುರು ಗುಂಪು ನಿಲ್ಲಿಸುವಾಗ ನನಗೆ ಹಳೆಯ ಪಟ್ಟು ಲೆಕ್ಕವೇ ನಿಜಕ್ಕೆ ಹತ್ತಿರ ಅನಿಸುತ್ತದೆ.

ಪಾತ್‌ಫೈಂಡರ್ ಎಂಬ ಇದೇ ಥರದ ಇನ್ನೊಂದು ಆಟದ ಎರಡನೇ ಆವೃತ್ತಿ ಆಡುವವರಿಗೆ ಈ ತಲೆನೋವು ಕಡಿಮೆ. ಅಲ್ಲಿ ನಾಲ್ವರಿಗೆ ಮಧ್ಯಮ ಕಾಳಗ ಅಂದರೆ 80 ಎಕ್ಸ್‌ಪಿ, ತೀವ್ರ ಅಂದರೆ 120. ಗುಂಪಿನ ಲೆವೆಲ್‌ಗೆ ಸಮನಾದ ಒಂದು ಮಾನ್‌ಸ್ಟರ್‌ಗೆ 40. ಲೆವೆಲ್ ಏರಿದಷ್ಟೂ ಎಲ್ಲರ ಎಲ್ಲ ಅಂಕಿಗಳೂ ಏರುವುದರಿಂದ ಅವರ ಲೆಕ್ಕ ಚೆನ್ನಾಗಿ ಕೂರುತ್ತದೆ.

3. ಸರದಿ ಎಣಿಸಿ

ಒಂದು ಕಡೆ ಒಬ್ಬ ಓಗರ್ (ದೈತ್ಯ ರಾಕ್ಷಸ). ಎಸಿ 11, ಎಚ್‌ಪಿ 59, ಎಕ್ಸ್‌ಪಿ 450. ಇನ್ನೊಂದು ಕಡೆ ಎಂಟು ಗಾಬ್ಲಿನ್. ಒಂದೊಂದಕ್ಕೂ ಎಸಿ 15, ಎಚ್‌ಪಿ 7. ಒಟ್ಟು ಎಚ್‌ಪಿ 56, ಎಕ್ಸ್‌ಪಿ 400. ನೋಡಲು ಎರಡೂ ಒಂದೇ ತೂಕ.

ಓಗರ್‌ನ ಎಸಿ ಕಡಿಮೆ. ನಮ್ಮವರು ಅದಕ್ಕೆ ರೌಂಡ್‌ಗೆ ಸುಮಾರು 25 ಕೊಡುತ್ತಾರೆ. ಮೂರನೇ ರೌಂಡ್‌ನಲ್ಲಿ ಅದು ಬೀಳುತ್ತದೆ. ಅದರ ಒಂದು ಏಟು 13, ಆದರೆ ರೌಂಡ್‌ಗೆ ಒಂದೇ ಏಟು. ತಪ್ಪಿಹೋಗುವುದನ್ನೂ ಲೆಕ್ಕಕ್ಕೆ ತಗೊಂಡರೆ ರೌಂಡ್‌ಗೆ 7. ನಮ್ಮ 93 ಎಚ್‌ಪಿ ಮುಗಿಸಲು ಅದಕ್ಕೆ 13 ರೌಂಡ್ ಬೇಕು. ಮೂರಕ್ಕೆ ಹದಿಮೂರು. ಇದು ಕಾಳಗವೇ ಅಲ್ಲ.

ಗಾಬ್ಲಿನ್‌ಗಳು ರೌಂಡ್‌ಗೆ ಎಂಟು ಸಲ ಬಾಣ ಬಿಡುತ್ತವೆ. ಒಂದೊಂದು ಬಾಣಕ್ಕೆ ಸರಾಸರಿ 5. ಎಲ್ಲರ ಮೇಲೂ ಹಂಚಿ ಬಿಟ್ಟರೆ ರೌಂಡ್‌ಗೆ 18. ಅಂದರೆ ನಮ್ಮವರಿಗೆ ಐದು ರೌಂಡ್ ಆಯಸ್ಸು. ನಮ್ಮವರು ಅವುಗಳನ್ನು ಮುಗಿಸಲು ನಾಲ್ಕೈದು ರೌಂಡ್ ಬೇಕು, ಯಾಕೆಂದರೆ ರೋಗ್‌ನ 14ರ ಏಟು ಕೂಡ 7 ಎಚ್‌ಪಿಯ ಒಂದೇ ಗಾಬ್ಲಿನ್ ಮೇಲೆ ಬಿದ್ದು ಅರ್ಧ ದಂಡವಾಗುತ್ತದೆ. ಗಾಬ್ಲಿನ್ ಸತ್ತ ಹಾಗೆಲ್ಲ ಬಾಣ ಕಡಿಮೆ ಆಗುತ್ತದೆ ನಿಜ. ಆದರೆ ಎಂಟೂ ಸೇರಿ ಎಸಿ 12ರ ವಿಝರ್ಡ್ ಮೇಲೇ ಗುರಿ ಇಟ್ಟರೆ ಮೊದಲ ರೌಂಡ್‌ನಲ್ಲೇ ಸರಾಸರಿ 26 ಏಟು. ಅವನ ಹತ್ತಿರ ಇರುವುದು 20. ಆಡುವವನು ತನ್ನ ಮೊದಲ ಸರದಿ ಬರುವ ಮುಂಚೆಯೇ ಮಲಗಿಬಿಟ್ಟಿರುತ್ತಾನೆ.

ನನ್ನ ಅಳತೆ ಹೀಗೆ. ಎದುರಾಳಿಗೆ ಬೇಕಾದ ರೌಂಡ್ ನಮ್ಮವರಿಗೆ ಬೇಕಾದದ್ದರ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ ಸುಲಭ. ಒಂದೂವರೆ ಪಟ್ಟು ಇದ್ದರೆ ಕೈ ಬೆವರುವಷ್ಟು ಕಷ್ಟ, ಆದರೆ ಗೆಲ್ಲಬಹುದು. ಎರಡೂ ಸಮ ಆದರೆ ನಾಣ್ಯ ಚಿಮ್ಮಿದ ಹಾಗೆ. ಅಂಥ ಕಾಳಗವನ್ನು ಓಡಿಹೋಗಲು ದಾರಿ ಇಲ್ಲದೆ ಇಡಬೇಡಿ.

ಒಂಟಿ ಮಾನ್‌ಸ್ಟರ್ ಯಾಕೆ ಬೇಗ ಸೋಲುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅದು ಒಂದು ಸಲ ಹೊಡೆಯುವಷ್ಟರಲ್ಲಿ ಅದಕ್ಕೆ ನಾಲ್ಕು ಸಲ ಬೀಳುತ್ತದೆ. ಎಚ್‌ಪಿ ಮಾತ್ರ ಏರಿಸಿದರೆ ಕಾಳಗ ಉದ್ದ ಆಗುತ್ತದೆ, ರೋಚಕ ಆಗುವುದಿಲ್ಲ. ಏಟು ಮಾತ್ರ ಏರಿಸಿದರೆ ಯಾರೋ ಒಬ್ಬರು ಸುಮ್ನೆ ಸಾಯುತ್ತಾರೆ. ಸರದಿ ಜಾಸ್ತಿ ಮಾಡಿ. ಪಕ್ಕಕ್ಕೆ ಇಬ್ಬರು ಚೇಲಾಗಳನ್ನು ಕೊಡಿ. ಇಲ್ಲವೇ ದೊಡ್ಡ ಮಾನ್‌ಸ್ಟರ್‌ಗಳಿಗಿರುವ ಲೆಜೆಂಡರಿ ಆಕ್ಷನ್ ಹಾಗೆ, ಒಬ್ಬ ಆಟಗಾರನ ಸರದಿ ಮುಗಿದ ತಕ್ಷಣ ಒಂದು ಸಣ್ಣ ಕೆಲಸ ಮಾಡಲು ಬಿಡಿ: ಬಾಲ ಬೀಸಲಿ, ಹತ್ತು ಅಡಿ ಸರಿಯಲಿ.

4. ಒಂದೇ ಏಟಿಗೆ ಯಾರು ಸಾಯುತ್ತಾರೆ?

ಸರಾಸರಿ ಲೆಕ್ಕ ಸರಿ ಬಂದ ಮೇಲೂ ಈ ಪ್ರಶ್ನೆ ಕೇಳಲೇಬೇಕು. ಐದನೇ ಆವೃತ್ತಿಯಲ್ಲಿ ಎಚ್‌ಪಿ ಸೊನ್ನೆ ಆದ ಮೇಲೆ ಉಳಿದ ಏಟು ಆ ಪಾತ್ರದ ಪೂರ್ತಿ ಎಚ್‌ಪಿಯಷ್ಟು ಇದ್ದರೆ ಅಲ್ಲೇ ಸಾವು. ಡೆತ್ ಸೇವ್ (ಬಿದ್ದವರು ಬದುಕುತ್ತಾರಾ ಅಂತ ನೋಡುವ ದಾಳ) ಕೂಡ ಇಲ್ಲ.

ಒಂದನೇ ಲೆವೆಲ್ ವಿಝರ್ಡ್‌ಗೆ 8 ಎಚ್‌ಪಿ ಅಂದುಕೊಳ್ಳಿ. 16 ಏಟು ಬಿದ್ದರೆ ಕಥೆ ಮುಗಿಯಿತು. ಓಗರ್‌ನ ಗದೆಗೆ ಎರಡು ಎಂಟುಮುಖದ ದಾಳ, ಜೊತೆಗೆ 4. ದಾಳಗಳಲ್ಲಿ 12 ಅಥವಾ ಜಾಸ್ತಿ ಬಿದ್ದರೆ ಸಾಕು. 64 ಸಾಧ್ಯತೆಗಳಲ್ಲಿ 15 ಹಾಗೆ ಬೀಳುತ್ತವೆ. ಅಂದರೆ ತಗಲಿದ ನಾಲ್ಕು ಏಟಿನಲ್ಲಿ ಹತ್ತಿರ ಹತ್ತಿರ ಒಂದು ಏಟು ನೇರ ಸಾವು, ಕ್ರಿಟಿಕಲ್ (ಏಟಿನ ದಾಳ ಎರಡು ಪಟ್ಟಾಗುವ ಹೊಡೆತ) ಬೇಕಾಗಿಯೂ ಇಲ್ಲ. ಒಬ್ಬ ಹುಡುಗ ವಾರವಿಡೀ ಯೋಚಿಸಿ ಬರೆದ ಪಾತ್ರ ಮೊದಲ ಅರ್ಧ ಗಂಟೆಯಲ್ಲಿ ಹಾಗೆ ಹೋಗಬಾರದು. ಮೊದಲ ಎರಡು ಲೆವೆಲ್‌ನಲ್ಲಿ ಒಂದೇ ಏಟಿಗೆ 12 ದಾಟುವ ಯಾವುದನ್ನೂ ನಾನು ಬಳಸುವುದಿಲ್ಲ.

ಎಚ್‌ಪಿಯನ್ನು ಮುಟ್ಟದೆ ಕೊಲ್ಲುವವೂ ಇವೆ. ಶ್ಯಾಡೋ ಎಂಬ ನೆರಳು ಮಾನ್‌ಸ್ಟರ್‌ಗೆ ಸಿಆರ್ ಬರೀ ಅರ್ಧ. ಆದರೆ ಅದರ ಪ್ರತಿ ಏಟೂ 1ರಿಂದ 4ರಷ್ಟು ಸ್ಟ್ರೆಂತ್ (ಪಾತ್ರದ ಮೈಬಲದ ಅಂಕಿ) ಕಳೆಯುತ್ತದೆ. ಸ್ಟ್ರೆಂತ್ ಸೊನ್ನೆ ಆದರೆ ಸಾವು. ಸ್ಟ್ರೆಂತ್ 8 ಇರುವ ವಿಝರ್ಡ್‌ಗೆ ನಸೀಬು ಕೆಟ್ಟರೆ ಎರಡೇ ಏಟು. ನಾಲ್ಕು ಶ್ಯಾಡೋ ಇಟ್ಟರೆ ಪುಸ್ತಕದ ಲೆಕ್ಕ ಏನೇ ಹೇಳಲಿ, ಅದು ಬೇರೆಯೇ ಆಟ.

ಇನ್ನೊಂದು ಅಡಗಿದ ಅಪಾಯ ತಾಳಿಕೆ. ಹಳೇಬೀಡಿನ ಗೋಡೆಯ ಮೇಲಿನ ಮಕರ ಕಲ್ಲಿನಿಂದ ಎದ್ದು ಬಂದರೆ ಹೇಗಿರುತ್ತದೆ ಅಂತ ಯೋಚಿಸಿ, ಅದಕ್ಕೆ ಗಾರ್ಗಾಯ್ಲ್ ಎಂಬ ಕಲ್ಲಿನ ಮಾನ್‌ಸ್ಟರ್‌ನ ಅಂಕಿ ಹಾಕಿದಿರಿ ಅನ್ನಿ. ಎಸಿ 15, ಎಚ್‌ಪಿ 52. ಓಗರ್ ಹಾಗೇ 450 ಎಕ್ಸ್‌ಪಿ. ಆದರೆ ಮಾಯ ಇಲ್ಲದ ಸಾಮಾನ್ಯ ಆಯುಧದ ಏಟು ಅದಕ್ಕೆ ಅರ್ಧವೇ ತಗಲುವುದು. ನಮ್ಮವರ 22 ಅಲ್ಲಿ 12ಕ್ಕೆ ಇಳಿಯುತ್ತದೆ. ಮೂರು ರೌಂಡ್‌ನ ಕೆಲಸ ಐದಕ್ಕೆ ಹೋಯಿತು. ಸಾಲದ್ದಕ್ಕೆ ಅದು ಹಾರುತ್ತದೆ. ಗುಂಪಿನಲ್ಲಿ ಬಿಲ್ಲು ಇಲ್ಲದಿದ್ದರೆ ಫೈಟರ್ ಆಡುವವರು ಮೂರು ಸರದಿ ಆಕಾಶ ನೋಡುತ್ತಾ ನಿಲ್ಲಬೇಕು.

5. ಜಾಗವೂ ಒಂದು ಆಯುಧ

ನಮ್ಮ ಕಡೆಯವರಿಗೆ ಇದು ವರ. ಕಾಳಗದ ಜಾಗ ಹುಡುಕಲು ಯಾವ ಪುಸ್ತಕವೂ ಬೇಡ, ಒಂದು ಬೈಕ್ ಸಾಕು. ಸಕಲೇಶಪುರದ ಮಂಜರಾಬಾದ್ ಕೋಟೆಯನ್ನೇ ತಗೊಳ್ಳಿ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಆ ಚೂಪು ಮೂಲೆಗಳು ಯಾಕಿವೆ ಗೊತ್ತಾ? ಗೋಡೆಯ ಬುಡಕ್ಕೆ ಬಂದವನ ಮೇಲೆ ಎರಡು ಕಡೆಯಿಂದ ಗುಂಡು ಹಾರಿಸಲು. ಹಾಗಾದರೆ ನಿಮ್ಮ ಗಾಬ್ಲಿನ್‌ಗಳೂ ಹಾಗೇ ನಿಲ್ಲಲಿ. ಅಕ್ಕಪಕ್ಕದ ಎರಡು ಮೂಲೆಗಳಲ್ಲಿ ಎರಡೆರಡು ಗಾಬ್ಲಿನ್ ನಿಂತರೆ ನಡುವಿನ ಜಾಗಕ್ಕೆ ಬಂದವರಿಗೆ ಎರಡೂ ಕಡೆಯಿಂದ ಬಾಣ.

ಗೋಡೆಯ ಮರೆಗೆ ನಿಂತವರಿಗೆ ಅರ್ಧ ಮರೆ ಆದರೆ ಎಸಿಗೆ 2, ಮುಕ್ಕಾಲು ಮರೆ ಆದರೆ 5 ಸೇರುತ್ತದೆ. 15 ಎಸಿಯ ಗಾಬ್ಲಿನ್ ಕಿಂಡಿಯ ಹಿಂದೆ ನಿಂತರೆ 20. ದಾಳಕ್ಕೆ 5 ಸೇರುವವನು ಈಗ 100ಕ್ಕೆ 30 ಸಲ ಮಾತ್ರ ಹೊಡೆಯಬಲ್ಲ. ಮೊದಲು 55 ಸಲ ಹೊಡೆಯುತ್ತಿದ್ದ. ಮಾನ್‌ಸ್ಟರ್ ಬದಲಾಗಲಿಲ್ಲ, ಎಕ್ಸ್‌ಪಿ ಬದಲಾಗಲಿಲ್ಲ. ಕಾಳಗ ಹೆಚ್ಚು ಕಡಿಮೆ ಎರಡು ಪಟ್ಟು ಉದ್ದವಾಯಿತು. ಇಂಥ ಜಾಗ ಕೊಟ್ಟರೆ ನಾನು ಎಕ್ಸ್‌ಪಿ ಬಜೆಟ್‌ನ ಒಂದು ಮೆಟ್ಟಿಲು ಕೆಳಗಿನ ಅಂಕಿ ಹಿಡಿಯುತ್ತೇನೆ.

ಮಳೆ, ಮಂಜು ಕೂಡ ಹಾಗೇ. ಜೋರು ಮಳೆಯಲ್ಲಿ ಪಂಜು ಆರಿಹೋಗುತ್ತದೆ. ಕಣ್ಣು, ಕಿವಿ ಬಳಸಿ ಗಮನಿಸುವ ದಾಳಕ್ಕೆ ಡಿಸಡ್ವಾಂಟೇಜ್ (ಎರಡು ದಾಳ ಹಾಕಿ ಕಡಿಮೆಯದನ್ನು ಹಿಡಿಯುವುದು). ಮುಳ್ಳಯ್ಯನಗಿರಿಯ ಮೇಲೆ ಮಂಜು ಮುಚ್ಚಿಕೊಂಡಾಗ ಎದುರು ನಿಂತವರ ಮುಖವೇ ಕಾಣದ ಅನುಭವ ನಮಗೆಲ್ಲ ಇದೆ. ಆ ಮಂಜನ್ನು ಆಟಕ್ಕೆ ತಂದರೆ ದೂರದಿಂದ ಹೊಡೆಯುವವರ ಬಲ ಹೋಗುತ್ತದೆ, ಹತ್ತಿರ ಬಂದು ಹೊಡೆಯುವವರ ಬಲ ಏರುತ್ತದೆ. ಯಾರ ಕಡೆಗೆ ತೂಗುತ್ತದೆ ಅನ್ನುವುದು ನಿಮ್ಮ ಗುಂಪಿನಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ. ಕಾಫಿ ತೋಟವಾದರೆ ಸಾಲು ಗಿಡಗಳೇ ಅರ್ಧ ಮರೆ, ಸಿಲ್ವರ್ ಓಕ್ ಮರ ಹತ್ತಿದರೆ ಎತ್ತರದ ಜಾಗ. ಎರಡೂ ಕಡೆಯವರಿಗೂ ಸಿಗುವ ಹಾಗಿಡಿ.

6. ದಿನದಲ್ಲಿ ಎಷ್ಟನೇ ಕಾಳಗ?

2014ರ ಪುಸ್ತಕ ಒಂದು ದಿನಕ್ಕೆ ಆರರಿಂದ ಎಂಟು ಸಾಧಾರಣ ಅಥವಾ ಕಠಿಣ ಕಾಳಗ ಇರುತ್ತವೆ, ನಡುವೆ ಎರಡು ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) ಇರುತ್ತದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಮೂರು ಗಂಟೆ ಆಟದಲ್ಲಿ ಅಷ್ಟು ಆಡಲು ಆಗುವುದಿಲ್ಲ. ಒಂದೋ ಎರಡೋ ಆಗುತ್ತದೆ. ಆಗ ಮೂರನೇ ಲೆವೆಲ್ ವಿಝರ್ಡ್ ತನ್ನ ಆರೂ ಸ್ಪೆಲ್ ಸ್ಲಾಟ್‌ಗಳನ್ನು (ದಿನಕ್ಕೆ ಎಷ್ಟು ದೊಡ್ಡ ಸ್ಪೆಲ್ ಬಳಸಬಹುದು ಅನ್ನುವ ಲೆಕ್ಕ) ಒಂದೇ ಕಾಳಗಕ್ಕೆ ಸುರಿಯುತ್ತಾನೆ. "ಕಠಿಣ" ಅಂತ ಬರೆದದ್ದು ಸಾಧಾರಣ ಆಗಿಬಿಡುತ್ತದೆ.

ಎರಡು ದಾರಿ ಇವೆ. ದಿನಕ್ಕೆ ಒಂದೇ ಕಾಳಗ ಆದರೆ ಮಾರಕದ ಅಂಕಿಯ ಹತ್ತಿರ ಕಟ್ಟಿ. ಇಲ್ಲವೇ ಕಥೆಯ ಒಂದು ದಿನವನ್ನು ಎರಡು ಮೂರು ಭಾನುವಾರಕ್ಕೆ ಎಳೆಯಿರಿ, ಲಾಂಗ್ ರೆಸ್ಟ್ (ಸ್ಪೆಲ್‌ಗಳನ್ನು ವಾಪಸ್ ಕೊಡುವ ಉದ್ದದ ವಿಶ್ರಾಂತಿ) ಸುಲಭಕ್ಕೆ ಸಿಗದಿರಲಿ. ನನಗೆ ಎರಡನೆಯದೇ ಇಷ್ಟ. ಸ್ಪೆಲ್ ಉಳಿಸಬೇಕಾ ಬಳಸಬೇಕಾ ಅಂತ ಆಟಗಾರರು ತಲೆ ಕೆರೆದುಕೊಳ್ಳುವುದರಲ್ಲಿ ದೊಡ್ಡ ಮಜಾ ಇದೆ.

7. ನಮ್ಮ ಕಾಡಿನ ಮಾನ್‌ಸ್ಟರ್

ಹೊಸ ಮಾನ್‌ಸ್ಟರ್‌ಗೆ ಹೊಸ ಅಂಕಿ ಕಟ್ಟಲು ಹೋಗಬೇಡಿ. ಇರುವ ಅಂಕಿಗೆ ಹೊಸ ಮೈ ಕೊಡಿ. ತೂಕ ಆಗಲೇ ನೋಡಿಟ್ಟದ್ದರಿಂದ ಏರುಪೇರು ಆಗುವುದಿಲ್ಲ. ಭದ್ರಾ ಕಾಡಿನ ಸೀಳುನಾಯಿಗಳಿಗೆ ತೋಳದ ಅಂಕಿ ಸರಿಯಾಗಿ ಹೊಂದುತ್ತದೆ: ಎಸಿ 13, ಎಚ್‌ಪಿ 11, ಸಿಆರ್ ಕಾಲು. ಜೊತೆಗಾರ ಪಕ್ಕದಲ್ಲಿದ್ದರೆ ಅಡ್ವಾಂಟೇಜ್ (ಎರಡು ದಾಳದಲ್ಲಿ ಜಾಸ್ತಿಯದನ್ನು ಹಿಡಿಯುವುದು), ಕಚ್ಚಿದರೆ ಬೀಳಿಸುವ ಗುಣ. ಗುಂಪಾಗಿ ಬೇಟೆ ಆಡುವ ಪ್ರಾಣಿಗೆ ಇದಕ್ಕಿಂತ ಏನು ಬೇಕು? ಕಾಳಿಂಗಕ್ಕೆ ದೈತ್ಯ ವಿಷಸರ್ಪದ ಅಂಕಿ ಹಾಕಿ. ಹುಷಾರು, ಸಿಆರ್ ಕಾಲು ಆದರೂ ಅದರ ವಿಷ ಸರಾಸರಿ 10 ಏಟು. ಸೇವ್ (ವಿಷ ತಡೆಯುವ ದಾಳ) ಗೆದ್ದರೂ ಅರ್ಧ ತಗಲುತ್ತದೆ. ಒಂದನೇ ಲೆವೆಲ್‌ನವರಿಗೆ ಬೇಡ.

ಆನೆಗೆ ಪುಸ್ತಕದಲ್ಲಿ ಸಿಆರ್ 4, ಎಚ್‌ಪಿ 76, 1,100 ಎಕ್ಸ್‌ಪಿ. ನಾಲ್ವರು ಮೂರನೇ ಲೆವೆಲ್‌ನವರಿಗೆ ಅದು ಕಠಿಣ ಕಾಳಗ. ಆದರೆ ಸಕಲೇಶಪುರ, ಆಲೂರು ಕಡೆ ಆನೆ ಅಂದರೆ ಆಟದ ಮಾತಲ್ಲ. ನಿಮ್ಮ ಮೇಜಿನಲ್ಲಿ ಕೂತವರ ಮನೆಯಲ್ಲೇ ಬೆಳೆ ಹೋಗಿರಬಹುದು, ಜೀವ ಹೋಗಿರಬಹುದು. ಆಟಕ್ಕೆ ತರುವ ಮುಂಚೆ ಒಂದು ಮಾತು ಕೇಳಿ. ತಂದರೂ ಕೊಲ್ಲುವ ಗುರಿ ಇಡಬೇಡಿ. ಅದರ ದಾರಿಯಿಂದ ಊರಿನವರನ್ನು ಪಾರು ಮಾಡುವುದು ಗುರಿಯಾಗಲಿ. ಕಾಳಗ ಅದರಿಂದ ಸಪ್ಪೆ ಆಗುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಜನ ನಂಬಿ ಪೂಜೆ ಮಾಡುವ ದೈವಗಳನ್ನು ಎಚ್‌ಪಿ ಕೊಟ್ಟು ನಿಲ್ಲಿಸುವುದೂ ನನಗೆ ಸರಿ ಕಾಣುವುದಿಲ್ಲ. ಕಲ್ಪನೆಗೆ ಜಾಗ ಬೇಕಾದಷ್ಟಿದೆ.

8. ಒಂದು ಕಾಳಗ ಕಟ್ಟೋಣ

ಜಾಗ: ಘಾಟಿಯ ಮೇಲೊಂದು ನಕ್ಷತ್ರ ಕೋಟೆ, ಮಳೆಗಾಲದ ಸಂಜೆ. ಗುರಿ: ಒಳಗೆ ಸೆರೆ ಇರುವ ವ್ಯಾಪಾರಿಯನ್ನು ಹೊರಗೆ ತರುವುದು. ಎದುರಾಳಿ: ಒಬ್ಬ ಓಗರ್, ನಾಲ್ಕು ಗಾಬ್ಲಿನ್.

ಎಕ್ಸ್‌ಪಿ 450ಕ್ಕೆ 200 ಸೇರಿ 650. ಐದು ತಲೆ, ಎರಡು ಪಟ್ಟು, 1,300. ಕಠಿಣಕ್ಕೂ ಮಾರಕಕ್ಕೂ ನಡುವೆ. ಈಗ ನಮ್ಮ ಎರಡು ಅಂಕಿ. ಒಟ್ಟು ಎಚ್‌ಪಿ 59 ಮತ್ತು 28, ಅಂದರೆ 87. ಅದನ್ನು 22ರಿಂದ ಭಾಗಿಸಿದರೆ ನಾಲ್ಕು ರೌಂಡ್. ಅವರ ಏಟು ರೌಂಡ್‌ಗೆ ಗಾಬ್ಲಿನ್‌ಗಳಿಂದ 9, ಓಗರ್‌ನಿಂದ 7, ಒಟ್ಟು 16. 93ನ್ನು 16ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಆರು. ನಾಲ್ಕಕ್ಕೆ ಆರು, ಒಂದೂವರೆ ಪಟ್ಟು. ನನಗೆ ಬೇಕಾದ ಹದ ಇದೇ. ಗೋಡೆಯ ಮರೆಯನ್ನೂ ಕೊಟ್ಟರೆ ಅಳತೆ ಮೀರುತ್ತದೆ. ಹಾಗಾಗಿ ಓಗರ್ ಮೊದಲ ರೌಂಡ್‌ನಲ್ಲಿ ಬರುವುದಿಲ್ಲ. ಕೆಳಗಿನ ಮದ್ದಿನ ಮನೆಯಿಂದ ಎರಡನೇ ರೌಂಡ್‌ಗೆ ಮೇಲೆ ಬರುತ್ತದೆ.

ವಿಝರ್ಡ್ ಹತ್ತಿರ ಸ್ಲೀಪ್ ಸ್ಪೆಲ್ ಇದೆಯಾ ನೋಡಿ. ಅದು ಐದು ಎಂಟುಮುಖದ ದಾಳ, ಸರಾಸರಿ 22 ಎಚ್‌ಪಿಯಷ್ಟು ಜನರನ್ನು ಮಲಗಿಸುತ್ತದೆ. ಅಂದರೆ 7 ಎಚ್‌ಪಿಯ ಮೂರು ಗಾಬ್ಲಿನ್ ಒಂದೇ ಸರದಿಯಲ್ಲಿ ಔಟ್. ಅದನ್ನು ಕೆಲಸ ಮಾಡದ ಹಾಗೆ ಮಾಡುವುದು ತಪ್ಪು. ಆಟಗಾರ ಆ ಸ್ಪೆಲ್ ಆರಿಸಿಕೊಂಡದ್ದೇ ಇಂಥ ದಿನಕ್ಕೆ. ಗಾಬ್ಲಿನ್‌ಗಳನ್ನು ಎರಡು ಮೂಲೆಗೆ ಹಂಚಿಡಿ. ಎರಡು ಮಲಗುತ್ತವೆ, ಎರಡು ಉಳಿಯುತ್ತವೆ. ಅವನಿಗೂ ಖುಷಿ, ಕಾಳಗವೂ ನಿಲ್ಲುತ್ತದೆ.

ಮೂರೇ ಜನ ಬಂದರೆ? ಕಠಿಣ 675, ಮಾರಕ 1,200 ಆಗುತ್ತದೆ. ಅದೇ ಕಾಳಗ ಮಾರಕದ ಗೆರೆ ದಾಟಿತು. ಎರಡು ಗಾಬ್ಲಿನ್ ತೆಗೆಯಿರಿ. 550, ಎರಡು ಪಟ್ಟು 1,100. ಮತ್ತೆ ಕಠಿಣಕ್ಕೆ ಬಂತು. ಕೊಯ್ಲಿನ ಕಾಲದಲ್ಲಿ ನಾನು ಪ್ರತಿ ಕಾಳಗವನ್ನೂ ಹೀಗೆ ಮೂವರಿಗೆ, ನಾಲ್ವರಿಗೆ ಅಂತ ಎರಡು ಥರ ಬರೆದಿಟ್ಟುಕೊಂಡಿರುತ್ತೇನೆ.

ಆಟದ ಹಿಂದಿನ ರಾತ್ರಿ ಒಬ್ಬರೇ ಕೂತು ಮೂರು ರೌಂಡ್ ದಾಳ ಉರುಳಿಸಿ ನೋಡಿ. ಅರ್ಧ ಗಂಟೆ ಸಾಕು. ಯಾವ ಗಾಬ್ಲಿನ್‌ಗೆ ಯಾರೂ ಕಾಣುವುದಿಲ್ಲ, ಯಾವ ಮೆಟ್ಟಿಲಲ್ಲಿ ಓಗರ್ ಸಿಕ್ಕಿಹಾಕಿಕೊಳ್ಳುತ್ತದೆ, ಇಂಥವೆಲ್ಲ ಅಲ್ಲೇ ಗೊತ್ತಾಗುತ್ತವೆ.

9. ಆಟದ ನಡುವೆ ತಿದ್ದುವುದು

ದಾಳದಲ್ಲಿ ಬಿದ್ದದ್ದನ್ನು ಬದಲಿಸಬೇಡಿ. ಪರದೆಯ ಹಿಂದೆ 19 ಬಿದ್ದದ್ದನ್ನು 9 ಅಂದರೆ ಆ ದಿನ ಯಾರೋ ಬದುಕುತ್ತಾರೆ. ಆದರೆ ಒಮ್ಮೆ ಗೊತ್ತಾದರೆ ಮುಂದೆ ಯಾವ ಗೆಲುವೂ ಅವರಿಗೆ ತಮ್ಮದು ಅನಿಸುವುದಿಲ್ಲ. ಕಾಳಗ ಮುಗಿಯುವಾಗ ಮಾನ್‌ಸ್ಟರ್ ಎಚ್‌ಪಿ ಏರಿಸುವುದೂ ಅಂಥದ್ದೇ. ಓಗರ್‌ನ ಎಚ್‌ಪಿ ದಾಳದ ಪ್ರಕಾರ 28ರಿಂದ 91ರವರೆಗೆ ಇರಬಹುದು. 59 ಬರೀ ಸರಾಸರಿ. ಸಣಕಲು ಓಗರ್ ಬೇಕಾ, ದಢೂತಿ ಬೇಕಾ ಅಂತ ಮೊದಲೇ ತೀರ್ಮಾನ ಮಾಡಿ. ಮೊದಲ ಏಟು ಬಿದ್ದ ಮೇಲೆ ಮುಟ್ಟಬೇಡಿ.

ತಿದ್ದಲು ಬೇರೆ ದಾರಿಗಳಿವೆ, ಅವನ್ನು ಮೊದಲೇ ಬರೆದಿಡಿ. ಒಳ್ಳೆಯದು ಧೈರ್ಯದ ದಾಳ. 1981ರ ಹಳೆಯ ಬೇಸಿಕ್ ಆವೃತ್ತಿಯಲ್ಲಿ ಇದು ಇತ್ತು. ಒಂದು ಕಡೆಯವರಲ್ಲಿ ಮೊದಲ ಸಾವಾದಾಗ, ಮತ್ತೆ ಅರ್ಧ ಜನ ಬಿದ್ದಾಗ, ಎರಡು ಆರುಮುಖದ ದಾಳ ಉರುಳಿಸಬೇಕು. ಆ ಮಾನ್‌ಸ್ಟರ್‌ನ ಧೈರ್ಯದ ಅಂಕಿಗಿಂತ ಜಾಸ್ತಿ ಬಿದ್ದರೆ ಅವು ಓಡುತ್ತವೆ ಅಥವಾ ಶರಣಾಗುತ್ತವೆ. ಗಾಬ್ಲಿನ್‌ಗೆ ನಾನು 7 ಇಟ್ಟಿದ್ದೇನೆ. ಆಗ 36ರಲ್ಲಿ 15 ಸಲ ಓಡುತ್ತವೆ. ಕೊನೆಯ ಎರಡು ಗಾಬ್ಲಿನ್‌ಗಳನ್ನು ಅಟ್ಟಾಡಿಸಿ ಹೊಡೆಯುವ ನೀರಸ ಎರಡು ರೌಂಡ್ ತಪ್ಪುತ್ತದೆ. ಓಡಿದವರು ಮುಂದಿನ ವಾರ ಕಥೆಗೂ ಒದಗುತ್ತಾರೆ.

ಅಪಾಯ ಮೊದಲೇ ಕಾಣಲಿ. ನಮ್ಮ ಗುಂಪು ಈ ಕೋಟೆ ಕಾಳಗ ಆಡಿದಾಗ ಮೊದಲ ರೌಂಡ್‌ನಲ್ಲಿ ನಾನು ಹೇಳಿದ್ದು ಇಷ್ಟೇ: ಕೆಳಗಿನಿಂದ ಕಬ್ಬಿಣದ ಬಾಗಿಲು ತೆರೆದ ಸದ್ದು, ಆಮೇಲೆ ಒಂದೊಂದೇ ಮೆಟ್ಟಿಲು ಅದುರುವ ಹೆಜ್ಜೆ. ಕ್ಲೆರಿಕ್ ಆಡುವ ಅಕ್ಕ ತಕ್ಷಣ, "ಏನೋ ದೊಡ್ಡದು ಬರ್ತಿದೆ ಕಣ್ರೋ, ಬಾಗಿಲು ಬಿಟ್ಟು ಬನ್ನಿ" ಅಂದರು. ಫೈಟರ್ ಆಡುವ ಹುಡುಗ, "ಅಕ್ಕಾ, ನಾನು ಮೆಟ್ಟಿಲ ಬಾಯಲ್ಲೇ ನಿಲ್ತೀನಿ, ಒಂದೇ ಸಲಕ್ಕೆ ಒಬ್ಬರೇ ಬರೋಕಾಗೋದು" ಅಂದ. ಇಬ್ಬರದೂ ಸರಿಯಾದ ಯೋಚನೆ. ಎರಡನೇ ರೌಂಡ್‌ನಲ್ಲಿ ಗದೆ ಅವನಿಗೇ ತಗಲಿತು, 28ರಲ್ಲಿ 15 ಹೋಯಿತು. ಯಾರಿಗೂ ಮೋಸ ಆಯಿತು ಅನಿಸಲಿಲ್ಲ. ಸದ್ದು ಕೇಳಿ, ತಿಳಿದೇ ಅಲ್ಲಿ ನಿಂತಿದ್ದ.

ಬಿದ್ದವರ ವಿಷಯವನ್ನೂ ಮೊದಲೇ ತೀರ್ಮಾನಿಸಿ. ಪ್ರಜ್ಞೆ ಇಲ್ಲದವನಿಗೆ ಐದು ಅಡಿ ಒಳಗಿಂದ ಹೊಡೆದರೆ ಅದು ಕ್ರಿಟಿಕಲ್, ಎರಡು ಡೆತ್ ಸೇವ್ ಸೋತ ಹಾಗೆ. ಮೂರು ಸೋತರೆ ಸಾವು. ಹಸಿದ ಪ್ರಾಣಿ ಬಿದ್ದವನನ್ನು ಎಳೆದೊಯ್ಯಲು ನೋಡುತ್ತದೆ. ಗಾಬ್ಲಿನ್ ಇನ್ನೂ ನಿಂತವನ ಕಡೆ ತಿರುಗುತ್ತದೆ. ಬಿದ್ದವನನ್ನು ಕೊಲ್ಲುವ ಮಾನ್‌ಸ್ಟರ್ ಇದ್ದರೆ ಕಾಳಗವನ್ನು ಒಂದು ಮೆಟ್ಟಿಲು ಕಠಿಣ ಅಂತಲೇ ಎಣಿಸಿ. ಆಟ ಶುರು ಮಾಡುವಾಗಲೇ ಆಟಗಾರರಿಗೂ ಅದನ್ನು ಹೇಳಿಬಿಡಿ.

10. ಮುಗಿದ ಮೇಲೆ ಬರೆದಿಡಿ

ಎಲ್ಲರೂ ಬಸ್ ಹಿಡಿಯಲು ಏಳುವ ಮುಂಚೆ ಐದು ನಿಮಿಷ ತಗೊಳ್ಳಿ. ಎಷ್ಟು ರೌಂಡ್ ಆಯಿತು? ನೀವು ಅಂದುಕೊಂಡದ್ದೆಷ್ಟು? ಯಾರು ಬಿದ್ದರು? ಎಷ್ಟು ಸ್ಪೆಲ್ ಸ್ಲಾಟ್ ಉಳಿಯಿತು? ಯಾರಿಗೆ ಮಾಡಲು ಏನೂ ಕೆಲಸ ಇರಲಿಲ್ಲ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅಂಕಿ ಸರಿ ಇದ್ದೂ ಒಬ್ಬರು ಮೂಲೆಯಲ್ಲಿ ಸುಮ್ಮನೆ ಕೂತಿದ್ದರೆ ಆ ಕಾಳಗ ಅವರಿಗೆ ಹದವಾಗಿರಲಿಲ್ಲ.

ಮೂರು ನಾಲ್ಕು ಕಾಳಗ ಬರೆದಿಟ್ಟರೆ ನಿಮ್ಮ ಗುಂಪಿನ ನಿಜವಾದ ಅಂಕಿ ಸಿಗುತ್ತದೆ. ನೀವು 22 ಅಂದುಕೊಂಡದ್ದು 28 ಇರಬಹುದು, ಯಾಕೆಂದರೆ ನಿಮ್ಮ ರೋಗ್ ಪ್ರತಿ ಸಲವೂ ಅಡಗಿ ನಿಂತೇ ಹೊಡೆಯುತ್ತಾನೆ. ಅಥವಾ 17 ಇರಬಹುದು, ಯಾಕೆಂದರೆ ಕ್ಲೆರಿಕ್ ತನ್ನ ಸರದಿಯನ್ನೆಲ್ಲ ಬೇರೆಯವರ ಗಾಯ ವಾಸಿ ಮಾಡಲು ಕೊಡುತ್ತಾರೆ. ಪರದೆಯ ಒಳಬದಿಗೆ ಅಂಟಿಸಿದ ಹಳೆಯ ಚೀಟಿ ಕಿತ್ತು, ಆ ಹೊಸ ಅಂಕಿ ಬರೆದು ಅಂಟಿಸಿ. ಮುಂದಿನ ಕಾಳಗವನ್ನು ಅದರಿಂದಲೇ ಕಟ್ಟಿ.